ಒಗೆಯುವ ಕಲ್ಲಿನ ಇತಿಹಾಸ

ಒಗೆಯುವ ಕಲ್ಲು ಅಲ್ಲಾಡತೊಡಗಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಬೆಳಗ್ಗೆ ಇತಿಹಾಸದ ಟೀಚರು ಪಕ್ಕದ ಮನೆಯ ಇಸ್ತ್ರಿಯವನನ್ನು ಕರೆದು ಕಲ್ಲನ್ನು ಮಗುಚಿಸಿದಳು. ಅಡಿಯಲ್ಲಿ ಅಕ್ಷರಗಳಿದ್ದವು. ಒಂದು ಬದಿಗೆ ಈ ರಾಜ್ಯದ ಹೆಸರು, ಇನ್ನೊಂದು ಬದಿಗೆ ಆಚೆ ರಾಜ್ಯದ್ದು, ನಡುವೆ ಒಂದು ಗೆರೆ.

ಟೀಚರ ಕೈಯಿಂದ ಸೋಪು ಜಾರಿತು. ಶಾಲೆಯ ಹಿಂದಿನ ಬಯಲಿನಿಂದ ಕಾಣೆಯಾಗಿದ್ದ ಗಡಿಕಲ್ಲು! ಆ ವಿಚಾರವಾಗಿಯೇ ಎರಡೂ ರಾಜ್ಯಗಳ ಸರ್ವೆ ಅಧಿಕಾರಿಗಳು ಇವತ್ತು ಬರುವವರಿದ್ದರು. ಅವರೆದುರು ಭಾಷಣ ಮಾಡಬೇಕಾದವಳೂ ಇವಳೇ. 'ಇಂಥ ಕಲ್ಲನ್ನು ಕದ್ದವರಿಗೆ ನಾಚಿಕೆಯಾಗಬೇಕು' ಎಂಬ ಸಾಲನ್ನು ಎಷ್ಟು ಮುತುವರ್ಜಿಯಿಂದ ಬಾಯಿಪಾಠ ಮಾಡಿಕೊಂಡಿದ್ದಳು! ಮನೆ ಕಟ್ಟಿಸುವಾಗ ಬಯಲಲ್ಲಿ ಬೋರಲು ಬಿದ್ದಿದ್ದ ಕಲ್ಲಿನ ನುಣುಪಿಗೆ ಮರುಳಾಗಿ ಹೊರಿಸಿಕೊಂಡು ಬಂದಿದ್ದಳು. ತಿರುಗಿಸಿ ನೋಡುವ ಬುದ್ಧಿ ಮಾತ್ರ ಇರಲಿಲ್ಲ.

"ಮಕ್ಕಳಿಗೆ ಇದರ ಪಾಠ ಹೇಳಿದ್ದೂ ನೀನೇ, ಇದರ ಮೇಲೆ ನನ್ನ ಸೀರೆ ಕುಕ್ಕಿದ್ದೂ ನೀನೇ," ಎಂದರು ಅತ್ತೆ. ಅವರಿಗೆ ಒಳಗೊಳಗೇ ಖುಷಿ.

"ಗೊತ್ತಾದ್ರೆ ಕೆಲಸ ಹೋಗುತ್ತೆ ಅತ್ತೆ, ಮೆಲ್ಲಗೆ ಮಾತಾಡಿ!"

"ನಾನಿದ್ದೀನಲ್ಲ ಟೀಚರಮ್ಮ, ಬಯಲಲ್ಲೇ ಬಿಟ್ಟು ಬರೋಣ," ಎಂದು ಇಸ್ತ್ರಿಯವನು ತನ್ನ ತಳ್ಳುಗಾಡಿ ತಂದ. ಕಲ್ಲನ್ನು ಉದ್ದಕ್ಕೆ ಮಲಗಿಸಿ, ಕಾಣದಂತೆ ಬಿಳಿ ಚಾದರ ಹೊದಿಸಿದರು. ಅದೇ ತಪ್ಪಾಯಿತು. ಬೀದಿಯಲ್ಲಿ ಜನ ಎದ್ದುನಿಂತು ಕೈಮುಗಿಯತೊಡಗಿದರು. ತಿರುವಿನಲ್ಲಿ ಹೆಡ್ ಮೇಡಂ ಎದುರಾದರು.

"ಅಯ್ಯೋ, ಯಾರಮ್ಮ ಹೋಗಿದ್ದು?"

ಟೀಚರು ಹಿಂದೆ ಬರುತ್ತಿದ್ದ ಅತ್ತೆಯತ್ತ ನೋಡಿದಳು. ಹೋದದ್ದು ಅವರೇ ಎನ್ನುವಂತಿರಲಿಲ್ಲ. "ಹಳೇ ಸಂಬಂಧ ಮೇಡಂ. ದಿನಾ ನೋಡ್ತಿದ್ವಿ," ಎನ್ನುವಾಗ ಭಯಕ್ಕೆ ನಿಜವಾಗಿಯೂ ಕಣ್ಣೀರು ಬಂತು.

"ಇಂಥ ದುಃಖದಲ್ಲಿ ಭಾಷಣ ಬೇಡ ಬಿಡಿ."

"ಇಲ್ಲ ಮೇಡಂ, ಕರ್ತವ್ಯ ಮೊದಲು," ಎಂದು ಬಾಯಿ ತಪ್ಪಿ ಹೇಳಿದಳು. ತಪ್ಪಿಸಿಕೊಳ್ಳಲು ಸಿಕ್ಕ ಒಂದೇ ಕಿಂಡಿಯನ್ನು ತಾನೇ ಮುಚ್ಚಿಕೊಂಡಳು.

ಅಧಿಕಾರಿಗಳು ಬರುವಷ್ಟರಲ್ಲಿ ಕಲ್ಲು ಬಯಲಿನ ಪೊದೆಯೊಳಗಿತ್ತು. ಟೀಚರು ಆಗಷ್ಟೇ ಕಂಡವಳಂತೆ ಕೂಗಿದಳು. ಈಚೆ ರಾಜ್ಯದ ಅಧಿಕಾರಿ ಅಕ್ಷರ ಓದಲು ಬಾಟಲಿಯ ನೀರು ಸುರಿದು ಉಜ್ಜಿದರು. ಕಲ್ಲು ಬುಸಬುಸನೆ ನೊರೆ ಬಿಟ್ಟಿತು.

"ಇದೇನಮ್ಮಾ?"

"ಹಳೇ ಕಲ್ಲು ಸಾರ್. ಒಳಗೆ ಏನೇನೋ ಇರುತ್ತೆ."

"ಇದ್ದೇ ಇರುತ್ತೆ," ಎಂದು ಆಚೆ ರಾಜ್ಯದವರು ತಲೆದೂಗಿ, ಮೂಸಿ, "ಪರಿಮಳವೂ ಇದೆ," ಎಂದರು.

ಟೀಚರಿಗೆ ಹೋದ ಜೀವ ಬಂತು. ಭಾಷಣ ಶುರುಮಾಡಿದಳು. ಕದ್ದವರ ಸಾಲೊಂದನ್ನು ನುಂಗಿಕೊಂಡು, ಕಲ್ಲಿನ ಗುಣಗಾನವನ್ನು ಎರಡರಷ್ಟು ಹಿಗ್ಗಿಸಿದಳು. ಮೇಡಂ ಕಣ್ಣೊರೆಸಿಕೊಂಡರು.

ಆಮೇಲೆ ಜೀಪಿನಿಂದ ಹೊಸ ಗಡಿಕಲ್ಲು ಇಳಿಯಿತು. "ಹಳೇದು ಸಿಗಲ್ಲ ಅಂತ ಮಾಡಿಸಿಬಿಟ್ವಿ. ನೆಡೋದು ಇದನ್ನೇ," ಎಂದರು ಈಚೆಯವರು. "ಹಳೇದನ್ನ ನಮ್ಮ ಮ್ಯೂಸಿಯಂಗೆ ಒಯ್ತೀವಿ."

"ಅದು ಹೇಗ್ರೀ? ಅರ್ಧ ನಮ್ಮದು!" ಎಂದರು ಆಚೆಯವರು.

"ಹಾಗಾದ್ರೆ ಒಡೆದು ಒಯ್ಯಿರಿ!"

ಮಕ್ಕಳೆಲ್ಲ ಮನೆಗೆ ಹೋದರೂ ಜಗಳ ಮುಗಿಯಲಿಲ್ಲ. ಕೊನೆಗೆ ಇಬ್ಬರೂ ಒಂದೇ ಒಂದು ಮಾತಿಗೆ ಒಪ್ಪಿದರು.

"ಟೀಚರ್, ಈ ಕಲ್ಲನ್ನ ನಿಮ್ಮಷ್ಟು ಪ್ರೀತಿಸೋರು ಎರಡು ರಾಜ್ಯದಲ್ಲೂ ಇಲ್ಲ. ತೀರ್ಮಾನ ಆಗೋ ತನಕ ನಿಮ್ಮನೇಲೇ ಇರಲಿ. ಬಿಸಿಲು ಬೀಳಬಾರದು, ನೀರು ಸೋಕಬಾರದು. ಆಗಾಗ ಬಂದು ನೋಡ್ತೀವಿ."

ಸಂಜೆ ಅದೇ ಗಾಡಿ, ಅದೇ ಚಾದರ. ಈ ಸಲ ಯಾರೂ ಕೈಮುಗಿಯಲಿಲ್ಲ. ಹೋದವರು ಹೀಗೆ ವಾಪಸ್ ಬರುವುದನ್ನು ಜನ ಬಾಯಿ ಬಿಟ್ಟು ನೋಡಿದರು. ಕಲ್ಲು ನಡುಮನೆಯಲ್ಲಿ ಅತ್ತೆಯ ಆರಾಮ ಕುರ್ಚಿಯ ಜಾಗ ಹಿಡಿಯಿತು.

ಕುರ್ಚಿ ಕಳಕೊಂಡ ಅತ್ತೆ ಮಣ್ಣುಮೆತ್ತಿದ ಚಾದರವನ್ನು ಬೆರಳ ತುದಿಯಲ್ಲಿ ಎತ್ತಿ, ಸೊಸೆಯ ಮುಂದೆ ಹಿಡಿದರು.

"ಇದನ್ನ ಎಲ್ಲಿ ಒಗೀತೀಯಮ್ಮ?"