ಜೆರಾಕ್ಸ್ ಅಂಗಡಿಯ ರಾಕ್ಷಸ ದೊರೆ

ನಮ್ಮ ಅತ್ತೆಗೆ ದೆವ್ವ ಹಿಡಿದಿದೆ ಎಂದು ಜಹೀರಾಬಾದಿನ ನಮ್ಮ ಮನೆಯಲ್ಲಿ ಅಪ್ಪನಿಂದ ಹಿಡಿದು ನನ್ನ ತಮ್ಮನವರೆಗೆ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದೆವ್ವ ಹಿಡಿದವರು ದೆವ್ವ ಕುಣಿಸಿದಂತೆ ಕುಣಿಯುತ್ತಾರೆ. ನಮ್ಮ ಅತ್ತೆಯಾದರೋ ದೆವ್ವಗಳ ಒಂದು ಇಡೀ ದಂಡನ್ನೇ ಕುಣಿಸುತ್ತಾಳೆ. ಅದೂ ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು! ಎರಡೂ ಒಂದೇ ಹೇಗಾದೀತು, ನೀವೇ ಹೇಳಿ?

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ನಾರಾಯಣಖೇಡದ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಜೆರಾಕ್ಸ್ ಅಂಗಡಿ. ಮಾವ ತೊಗರಿ ವ್ಯಾಪಾರಿ. ವಾರದ ಅರ್ಧ ತಾಂಡೂರಿನಲ್ಲೇ ಕಳೆಯುತ್ತಾನೆ. ಅಂಗಡಿಯ ಕಂಪ್ಯೂಟರ್ ರಿಪೇರಿಗೆ ಬಂದವನೊಬ್ಬ ಹೋಗುವಾಗ ಅದರಲ್ಲೊಂದು ಆಟ ಹಾಕಿಕೊಟ್ಟು ಹೋದ. ಉಳಿದ ಆಟಗಳಲ್ಲಿ ನಾವು ವೀರರು, ಎದುರಿನವರು ರಾಕ್ಷಸರು. ಇದರಲ್ಲಿ ಉಲ್ಟಾ. ಆಡುವವರೇ ರಾಕ್ಷಸ ದೊರೆ! ನೆಲದಡಿ ಕೋಟೆ ಕಟ್ಟಬೇಕು, ಪಿಶಾಚಿಗಳನ್ನು ಸಾಕಬೇಕು, ಹಳ್ಳಿ ಸುಡಬೇಕು, ಹಳ್ಳಿ ಉಳಿಸಲು ಬಂದ ವೀರರನ್ನು ಹೊಡೆದುಹಾಕಬೇಕು. ಎಷ್ಟು ಕೆಟ್ಟವರಾದರೆ ಅಷ್ಟು ಅಂಕ.

ಈ ಆಟ ಅತ್ತೆಯನ್ನು ಕೆಡಿಸಿತು ಎಂಬುದು ಮನೆಯವರ ವಾದ. ಸಾಕ್ಷಿ ಏನು? ಈ ಸಲದ ಪಂಚಮಿಯಲ್ಲಿ ಅವಳು ಆಡಿದ ಒಂದೇ ಒಂದು ಮಾತು.

ರಾಯಿಕೋಡ್ ಕಡೆ ನಮ್ಮ ಅಜ್ಜನ ಕಾಲದ ಹೊಲವೊಂದಿದೆ. ಅದರಲ್ಲಿ ಅತ್ತೆಗೂ ಪಾಲಿದೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಮಣ್ಣು ಮಾಡುತ್ತಾರೆ. ಆ ಹೊಲದ ಮೂಲೆಯಲ್ಲಿ ಅಜ್ಜಿಯ ಸಮಾಧಿಯಿದೆ. ಮೇಲೆ ತಾಂಡೂರು ಕಲ್ಲಿನ ಒಂದು ಚಪ್ಪಡಿ. ಈಗ ಹೊಲವನ್ನು ಪ್ಲಾಟು ಮಾಡುವವರಿಗೆ ಮಾರಬೇಕೆಂದು ಅಪ್ಪನ ಆಸೆ. ಅದಕ್ಕೆ ಅಕ್ಕನ ಸಹಿ ಬೇಕು. ಅಕ್ಕನ ಸಹಿ ಪಡೆಯಲು ನಮ್ಮ ಕಡೆ ಒಂದು ಹಳೆಯ ದಾರಿಯಿದೆ: ಪಂಚಮಿಗೆ ತವರಿಗೆ ಕರೆತಂದು, ಉಂಡೆ ತಿನ್ನಿಸಿ, ಹೊಸ ಸೀರೆ ಉಡಿಸಿ, ಆಮೇಲೆ ಕಾಗದ ಮುಂದಿಡುವುದು. ಸೀರೆ ಉಟ್ಟವಳು ಇಲ್ಲ ಎನ್ನುವುದುಂಟೇ?

"ಅಕ್ಕಾ, ಬರೇ ಒಂದು ಸಹಿ," ಎಂದ ಅಪ್ಪ. 'ಬರೇ' ಎಂದು ಶುರುವಾಗುವ ಯಾವ ಮಾತನ್ನೂ ನಾನು ನಂಬುವುದಿಲ್ಲ. ಆದರೆ ಅತ್ತೆ ನಂಬುತ್ತಾಳೆ. ಹುಟ್ಟಿದಾಗಿನಿಂದ ಅವಳು ಎಲ್ಲರಿಗೂ ಎಲ್ಲದಕ್ಕೂ ಹೇಳಿದ್ದು "ಆತು" ಎಂಬುದೊಂದೇ. ಶಾಲೆ ಬಿಡು ಎಂದಾಗ ಆತು, ಈ ವರನೇ ಗಟ್ಟಿ ಎಂದಾಗ ಆತು. ಅಂಥವಳು ಅಂದು ಉಂಡೆ ಬಾಯಲ್ಲಿಟ್ಟುಕೊಂಡು ಅಂದಳು:

"ನೋಡೋಣ, ತಮ್ಮಾ."

ಮನೆಯಲ್ಲಿ ಸಿಡಿಲು ಬಡಿದಂತಾಯಿತು! ಅತ್ತೆ ಊರಿಗೆ ಹೋದ ಮೇಲೆ ಅಪ್ಪ ಹಲ್ಲು ಕಡಿದ. "ಆ ಸೈತಾನ ಆಟ ಆಕಿ ತಲಿ ಕೆಡಿಸ್ಯಾದ. ಅವ್ವನ ಕಲ್ಲು ಎತ್ತಿ ಬ್ಯಾರೆ ಕಡೆ ಇಡೋಣ ಅಂದ್ರೂ ಆತು ಅನ್ನಂಗಿಲ್ಲ ಅಂದ್ರ!"

"ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸಂಬಂಧ ಅದ ಅಂತ ಹ್ಯಾಂಗ ಹೇಳ್ತಿ ಅಪ್ಪಾ?" ಎಂದೆ.

"ಕಾಲೇಜಿನಾಗ ವಾದ ಮಾಡಿ ಕಪ್ ತಂದೀ ಅಲ್ಲಾ? ಆ ಬಾಯಿ ನಾರಾಯಣಖೇಡಕ್ಕ ಹೋಗಿ ಬಿಡು. ಆಟ ಬಿಡಸು, ಸಹಿಗಿ ಒಪ್ಪಸು."

ಹೋದೆ. ಒಪ್ಪಿಸಲಿಕ್ಕಲ್ಲ, ಸಾಕ್ಷಿ ನೋಡದೆ ಪಕ್ಷ ಹಿಡಿಯುವುದು ನನ್ನ ಜಾಯಮಾನವಲ್ಲ, ಅದಕ್ಕೆ.

ಅಂಗಡಿಯೊಳಗೆ ಕಾಲಿಟ್ಟಾಗ ಒಬ್ಬ ಗಿರಾಕಿ ಕೈಯಲ್ಲಿ ಆಧಾರ್ ಹಿಡಿದು ನಿಂತಿದ್ದ. ಅತ್ತೆ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳುತ್ತಿದ್ದಳು:

"ಜರಾ ನಿಲ್ರಿ ಅಣ್ಣಾ, ಒಂದು ಹಳ್ಳಿ ಸುಡಾಕತ್ತೀನಿ."

"ಯಾವೂರ್ರೀ ಅಕ್ಕೋರ?"

"ನಿಮ್ದಲ್ರಿ, ಹೆದರಬ್ಯಾಡ್ರಿ."

"ಹಂಗಾದ್ರ ಸುಡ್ರಿ. ನನಗೇನು ಅವಸರ ಇಲ್ಲ."

ಹೌದೇ? ಅಪ್ಪ ಹೇಳಿದ್ದೇ ನಿಜವೇ? ಅನುಮಾನ ನನ್ನನ್ನೂ ಹಿಡಿಯಿತು. ಸ್ಟೂಲು ಎಳೆದುಕೊಂಡು ಬೆನ್ನ ಹಿಂದೆ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದೆ: ಮೂರು ಲೋಕದಲ್ಲೂ ಇಷ್ಟು ಕೈಲಾಗದ ರಾಕ್ಷಸ ಇನ್ನೊಬ್ಬನಿಲ್ಲ!

ಮೊದಲು ಊಟದ ವಿಷಯ ನೋಡಿ. ಪಿಶಾಚಿಗಳಿಗೆ ಸುಟ್ಟ ಹಂದಿ ಬೇಕು. ಅದಕ್ಕೆ ಕೋಟೆಯಲ್ಲಿ ಮಾಂಸದ ಅಡುಗೆಮನೆ ಕಟ್ಟಬೇಕು. ಅತ್ತೆ ಕಟ್ಟಿಲ್ಲ. "ಕೊರಳಾಗ ಲಿಂಗ ಕಟ್ಕೊಂಡು ನಾ ಹಂದಿ ಸುಡ್ಲೇನು? ನರಕ ಆದ್ರೇನಾತು, ಮನಿ ನಮ್ದ ಅಲ್ಲೇನು!" ಎಂದು ಅಣಬೆಯ ತೋಟವೊಂದನ್ನು ಮಾಡಿ, ಮೂರು ಹೊತ್ತೂ ಅಣಬೆ ಬಡಿಸುತ್ತಾಳೆ. ಪಿಶಾಚಿಗಳು ಆಯುಧ ಕೆಳಗಿಟ್ಟು ಮುಷ್ಕರ ಹೂಡುತ್ತವೆ, ಪರದೆಯ ಮೇಲೆ ಕೆಂಪು ದೀಪ ಮಿನುಗುತ್ತದೆ. ಅತ್ತೆ ಕೇಳಬೇಕಲ್ಲ!

"ಸೋಮವಾರ ಒಂದೊಪ್ಪತ್ತು ಇದ್ರ ಏನೂ ಸಾಯಂಗಿಲ್ಲ, ಬಾಡ್ಯಾಗಳ್ರ್ಯಾ!"

ಇನ್ನು ಯುದ್ಧ. ಬಿಳಿ ಗಡ್ಡದ ಒಬ್ಬ ಸನ್ಯಾಸಿ ವೀರ ಕೈಯಲ್ಲಿ ಕೋಲು ಹಿಡಿದು ಕೋಟೆಯ ಬಾಗಿಲಿಗೆ ಬಂದ. ಅವನ ಮೇಲೆ ಕಾದ ಎಣ್ಣೆ ಸುರಿಯಬೇಕು. ಗುಂಡಿ ಒತ್ತಿದರೆ ಸಾಕು.

"ಒತ್ತು ಅತ್ತಿ, ಒತ್ತು! ಒಳಗ ಬರಾಕತ್ತ್ಯಾನ!"

"ಅಯ್ಯ, ಬಾಗಿಲಿಗಿ ಬಂದ ಜಂಗಮನ ಮ್ಯಾಲ ಎಣ್ಣಿ ಸುರೀತಾರೇನ ಹುಚ್ಚಿ?"

ಜಂಗಮ ಒಳಗೆ ಬಂದ, ಖಜಾನೆ ದೋಚಿದ, ಕೋಟೆಗೆ ಬೆಂಕಿ ಇಟ್ಟು ಹೋದ. ಆಟದೊಳಗಿನ ಧ್ವನಿಯೊಂದು ಇಂಗ್ಲಿಷಿನಲ್ಲಿ, 'ನೀನು ರಾಕ್ಷಸ ಕುಲಕ್ಕೇ ಕಳಂಕ' ಎಂದು ನಕ್ಕಿತು. ಅತ್ತೆ ಅದಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟಳು: "ನಿಮ್ಮವ್ವ ನಿನಗ ದೊಡ್ಡೋರ ಜೋಡಿ ಹ್ಯಾಂಗ ಮಾತಾಡಬೇಕಂತ ಕಲಿಸಿಲ್ಲೇನೋ?"

ಆ ಬೆಳಿಗ್ಗೆ ಸುಡುತ್ತಿದ್ದ ಹಳ್ಳಿಯೂ ಸುಟ್ಟಿರಲಿಲ್ಲ. ಸುಡುವ ಮುಂಚೆ ಹಳ್ಳಿಯ ಜನ ಬಿಟ್ಟುಬಿಡಿ ಎಂದು ಮೊಣಕಾಲೂರಿ ಕೈ ಮುಗಿಯುತ್ತಾರೆ. ಪರದೆಯಲ್ಲಿ ಎರಡು ಗುಂಡಿಗಳು ಮೂಡುತ್ತವೆ: ಒಪ್ಪಿದೆ, ಒಪ್ಪುವುದಿಲ್ಲ. ಅತ್ತೆ 'ಒಪ್ಪಿದೆ' ಒತ್ತುತ್ತಾಳೆ. ಅಲ್ಲಿಗೆ ಆಟ ಸೋತಂತೆ. ಮತ್ತೆ ಮೊದಲಿನಿಂದ ಶುರು, ಮತ್ತೆ ಅದೇ ಹಳ್ಳಿ, ಮತ್ತೆ ಅದೇ ಗುಂಡಿ.

ನನ್ನ ಅನುಮಾನ ಹೊಸ ದಿಕ್ಕಿಗೆ ತಿರುಗಿದ್ದು ಇಲ್ಲಿಯೇ. ಸೋಲಲೆಂದೇ ಯಾರಾದರೂ ಆಡುತ್ತಾರೆಯೇ? ಸೂಕ್ಷ್ಮವಾಗಿ ನೋಡಿದೆ. ಪ್ರತಿ ಸಲವೂ ಬಾಣದ ಗುರುತು ಮೊದಲು 'ಒಪ್ಪುವುದಿಲ್ಲ'ದ ಹತ್ತಿರ ಹೋಗುತ್ತದೆ. ಅಲ್ಲಿ ಕೊಂಚ ನಿಲ್ಲುತ್ತದೆ. ಅತ್ತೆಯ ತುಟಿ ಏನನ್ನೋ ಗೊಣಗುತ್ತದೆ. ಆಮೇಲೆ ಬಾಣ ಹಿಂದೆ ಸರಿಯುತ್ತದೆ.

"ಅತ್ತಿ, ಖರೇ ಹೇಳು. ಈ ಆಟ ಯಾಕ ಆಡ್ತಿ?"

"ಹೊತ್ತು ಹೋಗಬೇಕಲ್ಲಾ ಯವ್ವಾ."

ಸುಳ್ಳು. ಹಿಂದೆ ಗಿರಾಕಿಗಳ ಸಾಲೇ ನಿಂತಿತ್ತು. ಹೊತ್ತು ಹೋಗದವರ ಅಂಗಡಿಯೇ ಅದು?

"ದಿನಾ ಸೋಲ್ತಿ. ಬ್ಯಾಸರ ಆಗಂಗಿಲ್ಲೇನು?"

ಅತ್ತೆ ನನ್ನ ಕಡೆ ತಿರುಗಿದಳು. "ನೀ ಕಪ್ ತರೂ ಮೊದಲ ಕನ್ನಡಿ ಮುಂದ ನಿಂತು ಎಷ್ಟು ಸರ್ತಿ ತೊದಲೀ? ನಿನಗ ಬ್ಯಾಸರ ಆಗಿತ್ತೇನು?"

ಆಗ ನನಗೆ ಹೊಳೆಯಿತು. ಬಾಯಿಗೆ ಬರದ ಮಾತನ್ನು ಈ ಹೆಂಗಸು ಬೆರಳಿಗೆ ಕಲಿಸುತ್ತಿದ್ದಾಳೆ! ರಕ್ತ ಸಂಬಂಧವಿಲ್ಲದ, ಬೊಂಬೆಯಂಥ ಹಳ್ಳಿಗರ ಎದುರಿಗೇ ಬೆರಳು ಹಿಂದೆ ಸರಿಯುತ್ತಿರುವಾಗ, ಒಡಹುಟ್ಟಿದವನ ಎದುರಿಗೆ ಬಾಯಿ ಹೇಗೆ ತೆರೆದೀತು?

ಮರುದಿನ ಅಪ್ಪ ತಾನೇ ಬಂದ. ನನ್ನ ಮೇಲೂ ಅವನಿಗೆ ಅನುಮಾನ ಹುಟ್ಟಿರಬೇಕು. ಒಂದು ಕಂಕುಳಲ್ಲಿ ಮತ್ತೊಂದು ಹೊಸ ಸೀರೆ, ಇನ್ನೊಂದರಲ್ಲಿ ಕಾಗದಪತ್ರದ ಚೀಲ.

"ಅಕ್ಕಾ, ಮೊದಲ ಆ ಆಟ ಬಂದ್ ಮಾಡು."

"ಆತು," ಎಂದು ಅತ್ತೆ ಬಂದ್ ಮಾಡಿದಳು. ಅಪ್ಪನ ಮುಖ ಅರಳಿತು. ಸೀರೆಯನ್ನು ಅವಳ ಮಡಿಲಿಗಿಟ್ಟ, ಕಾಗದವನ್ನು ಜೆರಾಕ್ಸ್ ಯಂತ್ರದ ಮೇಲೆ ಬಿಡಿಸಿದ, ಪೆನ್ನಿನ ಟೊಪ್ಪಿಗೆಯನ್ನೂ ತಾನೇ ತೆಗೆದುಕೊಟ್ಟ. "ಇಲ್ಲಿ ಮಾಡು."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಪೆನ್ನು ಹಿಡಿಯಲಿಲ್ಲ. ತೋರುಬೆರಳನ್ನು ಮೇಜಿಗೆ ಒತ್ತಿ ಹಿಡಿದಳು. ಉಗುರು ಬಿಳಿಚಿತು.

"ಒಲ್ಲೆ, ತಮ್ಮಾ."

"ಏನಂದಿ?"

"ಒಲ್ಲೆ. ಹೊಲ ನೀನ ಬಿತ್ತು, ನೀನ ಬೆಳಿ, ಬೆಳದದ್ದೆಲ್ಲಾ ನೀನ ಒಯ್ಯಿ. ಒಂದು ಸೇರು ತೊಗರಿ ಕೇಳಂಗಿಲ್ಲ ನಾ. ಆದ್ರ ಅವ್ವ ಮಲಗ್ಯಾಳ. ಆಕಿನ್ನ ಎಬ್ಬಸಾಕ ನಾ ಸಹಿ ಮಾಡಂಗಿಲ್ಲ."

ಅಪ್ಪ ಕಾಗದ ಮಡಚಿದ. ಸೀರೆಗೆ ಕೈ ಚಾಚಿದ. ಅತ್ತೆ ಸೀರೆಯನ್ನು ಎದೆಗವಚಿಕೊಂಡಳು.

"ಇದನ್ನ ಕೊಡಂಗಿಲ್ಲ. ತಮ್ಮ ತಂದದ್ದು."

ಅಪ್ಪ ಬಸ್‌ಸ್ಟ್ಯಾಂಡಿಗೆ ನಡೆದ. ಗೆದ್ದ ಪಕ್ಷದ ಜೊತೆ ಉಳಿಯಬೇಕೋ, ಸೋತ ಪಕ್ಷದ ಹಿಂದೆ ಓಡಬೇಕೋ ತಿಳಿಯದೆಯೇ ನಾನು ಅಪ್ಪನ ಹಿಂದೆ ಓಡಿ ಬಸ್ಸು ಹತ್ತಿದೆ. ಬಸ್ಸು ಇನ್ನೇನು ಹೊರಡಬೇಕು, ಕಿಟಕಿಯ ಕೆಳಗೆ ಅತ್ತೆ ಏದುಸಿರು ಬಿಡುತ್ತ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಗಂಟು.

"ರೊಟ್ಟಿ, ಪುಂಡಿಪಲ್ಯ ಅದ. ಸಿಟ್ಟಿನಾಗ ಉಪವಾಸ ಇರಬ್ಯಾಡ ತಮ್ಮಾ, ನಿನಗ ಪಿತ್ತ ಏರ್ತದ."

ಅಪ್ಪ ಕೈ ಚಾಚಲಿಲ್ಲ. ಅವಳೇ ಕಿಟಕಿಯೊಳಗೆ ಕೈ ಹಾಕಿ ಗಂಟನ್ನು ಅವನ ತೊಡೆಯ ಮೇಲಿಟ್ಟಳು. ಬಸ್ಸು ಹೊರಟಿತು.

ಬಹಳ ದೂರ ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಕುಳಿತಿದ್ದ. ರಸ್ತೆಯ ಎರಡೂ ಬದಿ ತೊಗರಿ ಹೊಲಗಳು, ಅಲ್ಲೊಂದು ಇಲ್ಲೊಂದು ಸಮಾಧಿಯ ಕಲ್ಲು. ಗಂಟು ಇನ್ನೂ ಬೆಚ್ಚಗಿತ್ತೇನೋ, ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟುಕೊಂಡಿದ್ದ. ವಾದಕ್ಕಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದೆ:

"ಅಪ್ಪಾ, ಮುಂದೊಂದು ದಿನ ನೀ ಮಲಗಿದ ಹೊಲಕ್ಕ ಗಿರಾಕಿ ಹುಡುಕಿ, ನನ್ನ ತಮ್ಮ ಸೀರಿ ಹಿಡ್ಕೊಂಡು ನನ್ನ ಮುಂದ ಬಂದು ನಿಂತ್ರ, ನಾ ಏನನ್ಲಿ?"