ಬ್ಯಾಂಕಿನ ಮನೆಯಲ್ಲಿ ದಾವತ್

"ಇದು ನಮ್ಮ ಮನೆ ಅಲ್ಲ!"

ರಾಗಿಗುಡ್ಡದ ಹೊಸ ಮನೆಗೆ ಸಾಮಾನು ಇಳಿಸಿದ ದಿನವೇ ಜಾಕಿರ್ ಹೀಗೆಂದು ಘೋಷಿಸಿಬಿಟ್ಟ. ಹೆಂಡತಿ ರೂಹಿ ಹಾಲು ಉಕ್ಕಿಸಲು ಪಾತ್ರೆ ಹಿಡಿದು ನಿಂತಿದ್ದಳು. ಮಗಳು ಅತೀಕಾ ಯಾವ ಕಿಟಕಿಯ ಹತ್ತಿರ ತಾನು ಓದಲು ಕೂರಬೇಕೆಂದು ಆರಿಸುತ್ತಿದ್ದಳು. ಇಬ್ಬರೂ ಬೆಚ್ಚಿಬಿದ್ದರು. ಎಲ್ಲಾದರೂ ತಪ್ಪು ವಿಳಾಸಕ್ಕೆ ಬಂದುಬಿಟ್ಟೆವೇನೋ ಎಂದು ರೂಹಿ ಹೊರಗೆ ಹೋಗಿ ಬಾಗಿಲಿನ ನಂಬರನ್ನೂ ನೋಡಿ ಬಂದಳು.

"ಇದು ಬ್ಯಾಂಕಿನ ಮನೆ. ಬೇರೆಯವರಾದ್ರೆ ಹದಿನೈದು ವರ್ಷಾನೂ ಕಂತು ಕಟ್ತಾ ಕೂತಿರ್ತಾರೆ. ನಾನು ಏಳೇ ವರ್ಷಕ್ಕೆ ಚುಕ್ತಾ ಮಾಡಿ ಬಿಸಾಕ್ತೀನಿ, ನೋಡ್ತಿರು! ಅವತ್ತು ಇದು ನಮ್ಮನೆ. ಅವತ್ತು ನಿನ್ನ ತವರು ಭದ್ರಾವತಿಗೆಲ್ಲ ದಾವತ್ ಊಟ! ಅಲ್ಲಿವರೆಗೂ ಒಬ್ಬರನ್ನೂ ಕರೆಯೋ ಹಾಗಿಲ್ಲ. ಬೇರೆಯವರ ಮನೆಗೆ ನೆಂಟರನ್ನ ಕರೆಯೋದು ಯಾವ ಸೀಮೆ ಮರ್ಯಾದೆ?"

ಈ ಭಾಷಣಕ್ಕೆ ಮೊದಲು ಚಪ್ಪಾಳೆ ತಟ್ಟಿದವಳು ರೂಹಿಯೇ. ಪಾಪ, ಹೊಸ ಮನೆಯ ಸಡಗರದಲ್ಲಿ ಏಳು ವರ್ಷವೆಂದರೆ ಎಷ್ಟು ಉದ್ದ ಎಂಬುದು ಅವಳ ಅಂದಾಜಿಗೆ ಸಿಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಉಳಿತಾಯದ ಆಳ್ವಿಕೆ ಶುರುವಾಯಿತು. ಜಾಕಿರ್ ಬೈಕ್ ಮೆಕ್ಯಾನಿಕ್. ಊರಿನವರ ಬೈಕಿಗೆಲ್ಲ ಜೀವ ಕೊಡುವ ಮಹಾನುಭಾವ ತನ್ನ ಬೈಕಿನ ಎಂಜಿನ್ನನ್ನು ಮಾತ್ರ ಇಳಿಜಾರು ಮುಗಿಯುವವರೆಗೂ ಚಾಲೂ ಮಾಡುತ್ತಿರಲಿಲ್ಲ! ಮನೆಯಿಂದ ಮೇನ್ ರೋಡಿನವರೆಗೆ ಕಾಲು ಎತ್ತಿಕೊಂಡು ಸುಮ್ಮನೆ ಜಾರಿಕೊಂಡು ಹೋಗುವುದು. ಎದುರಿಗೆ ದನ ಬಂದರೆ ಬಾಯಲ್ಲೇ ಹಾರ್ನ್. ಟೂತ್‌ಪೇಸ್ಟಿನ ಟ್ಯೂಬನ್ನು ಒತ್ತಿ, ತಿರುಚಿ, ಕೊನೆಗೆ ಕತ್ತರಿಯಿಂದ ಸೀಳಿ, ಅದರ ಒಳಗೋಡೆಯನ್ನೂ ಬಿಡುತ್ತಿರಲಿಲ್ಲ. ಟಿವಿಗೆ ರೀಚಾರ್ಜ್ ನಿಂತು ಅದರ ಮೇಲೆ ರೂಹಿ ಇಸ್ತ್ರಿ ಬಟ್ಟೆ ಇಡತೊಡಗಿದಳು. ಅವಳೂ ಕಮ್ಮಿಯವಳಲ್ಲ, ಹಗಲೆಲ್ಲ ಬೀದಿಯವರ ಬ್ಲೌಸ್ ಹೊಲಿದು ಬಂದದ್ದನ್ನು ಬ್ಯಾಂಕಿಗೇ ಸುರಿಯುತ್ತಿದ್ದಳು.

ಅತೀಕಾ ಒಮ್ಮೆ ಚಿತ್ರ ಬಿಡಿಸುವ ಸ್ಪರ್ಧೆಯಲ್ಲಿ ಬಹುಮಾನ ಗೆದ್ದು, ಕಟ್ಟು ಹಾಕಿಸಿದ ಚಿತ್ರವನ್ನು ಎದೆಗವಚಿಕೊಂಡು ಬಂದಳು.

"ಅಬ್ಬಾ, ಇದಕ್ಕೊಂದು ಮೊಳೆ ಹೊಡೆದುಕೊಡ್ತೀರಾ?"

"ಬ್ಯಾಂಕಿನ ಗೋಡೆಗೆ ಮೊಳೆ ಹೊಡೆಯೋದಾ? ನಮ್ಮ ಮನೆ ಆಗ್ಲಿ ಪುಟ್ಟಾ, ಹತ್ತು ಮೊಳೆ ಹೊಡೆಯೋಣ."

ಚಿತ್ರ ಮಂಚದ ಕೆಳಗೆ ಹೋಯಿತು.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ, ಭದ್ರಾವತಿ! ರೂಹಿಯ ತವರು ಅಲ್ಲಿನ ಹಳೇ ಊರಿನಲ್ಲಿ. ಬಸ್ಸು ಹತ್ತಿ ಕಣ್ಣು ಮುಚ್ಚಿ ತೆರೆದರೆ ಬಂದುಬಿಡುವಷ್ಟು ದೂರ. ಆದರೆ ಅವಳ ತಂದೆ ಮೆಹಬೂಬ್ ಸಾಬ್ ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಮೂವತ್ತು ವರ್ಷ ದುಡಿದ ಶಿಸ್ತಿನ ಆಸಾಮಿ. ಮಗಳ ಹೊಸ ಮನೆಯ ದಾವತ್ ಆಗದೆ ತವರಿನವರು ಅದರ ಹೊಸ್ತಿಲು ತುಳಿಯಬಾರದು ಎನ್ನುವುದು ಅವರ ಮನೆತನದ ಪದ್ಧತಿ. ಕರೆಯದೆ ಅವರು ಬರುವವರಲ್ಲ, ಸಾಲ ತೀರದೆ ಅಳಿಯ ಕರೆಯುವವನಲ್ಲ!

ಮೊದಲ ವರ್ಷ ರಂಜಾನಿಗೆ ಗಂಡ ಹೆಂಡತಿ ಭದ್ರಾವತಿಗೆ ಹೋಗಿದ್ದರು. ಅತ್ತೆ ಹಫೀಜಾ ಶೀರ್‌ಖುರ್ಮಾ ಪಾಯಸ ಬಡಿಸುತ್ತಾ, ಬಂಧುಗಳೆಲ್ಲ ಕೂತಿರುವಾಗಲೇ ಕೇಳಿಬಿಟ್ಟರು.

"ಜಾಕಿರ್ ಮಿಯಾ, ಮಗಳ ಮನೆ ನೋಡೋದು ಯಾವಾಗಪ್ಪ ನಾನು?"

ಜಾಕಿರ್ ಎದೆಯುಬ್ಬಿಸಿ ಹೇಳಿದ. "ಸಾಲ ತೀರಿದ ದಿನ ನೀವು ಊಟ ಕಳಿಸೋ ಡಬ್ಬಿ ತುಂಬ ಸಿಹಿ ವಾಪಸ್ ಬರುತ್ತೆ ಅಮ್ಮಿ! ಅದನ್ನೇ ಕರೆಯೋಲೆ ಅಂದ್ಕೊಂಡು ಎಲ್ರೂ ಹೊರಟು ಬನ್ನಿ."

ಬಂಧುಗಳು ನಕ್ಕರು. ರೂಹಿ ತಲೆ ತಗ್ಗಿಸಿದಳು. ಆಮೇಲೆ ಅವಳು ತವರಿಗೆ ಹೋಗಲಿಲ್ಲ. ಹೋದರೆ "ದಾವತ್ ಯಾವಾಗ?" ಅನ್ನುವ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತಿತ್ತು. ತಾಯಿ ಬರುವ ಹಾಗಿಲ್ಲ, ಮಗಳಿಗೆ ಹೋಗುವ ಮುಖವಿಲ್ಲ. ಹೀಗೇ ಮತ್ತೆ ಎರಡು ವರ್ಷ ಕಳೆದವು.

ಬರುತ್ತಿದ್ದದ್ದು ಡಬ್ಬಿ ಮಾತ್ರ. ಪ್ರತಿ ಶುಕ್ರವಾರ ಭದ್ರಾವತಿಯ ಪ್ರೈವೇಟ್ ಬಸ್ಸಿನಲ್ಲಿ, ಕಂಡಕ್ಟರ್ ಯೋಗೇಶನ ಸೀಟಿನ ಪಕ್ಕ ಕೂತು, ನಾಲ್ಕಂತಸ್ತಿನ ಸ್ಟೀಲ್ ಕ್ಯಾರಿಯರ್ ಬರುತ್ತಿತ್ತು. ಒಂದರಲ್ಲಿ ಕುಷ್ಕದ ಅನ್ನ, ಒಂದರಲ್ಲಿ ಮಾಂಸ ಹಾಕಿದ ದಾಲ್ಚಾ, ಒಂದರಲ್ಲಿ ಕೈಮಾ ಉಂಡೆ, ಕೆಳಗಿನದರಲ್ಲಿ ಸೋರೆಕಾಯಿ ಖೀರು. ವಾರದ ಆರು ದಿನ ಅನ್ನ, ಬೇಳೆಸಾರು ನುಂಗಿ ನುಂಗಿ ನಾಲಿಗೆ ಜಡ್ಡುಗಟ್ಟಿದ ಜಾಕಿರ್ ಜುಮ್ಮಾ ನಮಾಜ್ ಮುಗಿಸಿ ಓಡೋಡಿ ಬರುತ್ತಿದ್ದ. ಸತ್ಯ ಹೇಳಬೇಕೆಂದರೆ ಅವನಿಗೂ ಭದ್ರಾವತಿಯ ಮನೆಯ ಆಸೆ ಹೋಗಿರಲಿಲ್ಲ. ಕ್ಯಾರಿಯರಿನ ಮುಚ್ಚಳ ತೆಗೆದಾಗ ಬರುವ ಘಮಕ್ಕೆ ಅತ್ತೆಯ ಮನೆಯ ಜಗುಲಿ, ಅಲ್ಲಿನ ಗಲಾಟೆ, ತಟ್ಟೆ ಖಾಲಿಯಾಗಲು ಬಿಡದ ಅತ್ತೆಯ ಕೈ ಎಲ್ಲ ನೆನಪಾಗಿ ಗಂಟಲು ಕಟ್ಟುತ್ತಿತ್ತು. ಕಟ್ಟಿದ ಗಂಟಲಲ್ಲೇ ಎರಡು ತಟ್ಟೆ ಕುಷ್ಕ ಇಳಿಸುತ್ತಿದ್ದ, ಅದು ಬೇರೆ ಮಾತು!

ತೊಂದರೆ ಏನೆಂದರೆ, ಊಟ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕಳಿಸುವಂತಿಲ್ಲ. ಮೊದಮೊದಲು ರೂಹಿ ಬೆಣ್ಣೆ ಬಿಸ್ಕತ್ತು, ಬಾಳೆಹಣ್ಣು ಹಾಕುತ್ತಿದ್ದಳು. ಜಾಕಿರನ ಕಣ್ಣು ಅಲ್ಲಿಗೂ ಬಿತ್ತು.

"ಡಬ್ಬಿ ಖಾಲಿ ಹೋಗಬಾರದು, ಅಷ್ಟೇ ತಾನೇ? ಒಂದು ಚಮಚ ಸಕ್ಕರೆ ಹಾಕು. ಪದ್ಧತಿನೂ ಆಯ್ತು, ಉಳಿತಾಯನೂ ಆಯ್ತು!"

"ನಾಲ್ಕು ಡಬ್ಬಿಗೆ ಒಂದು ಚಮಚನಾ?"

"ಮೇಲಿನದಕ್ಕೆ ಹಾಕು ಸಾಕು. ಕೆಳಗಿನ ಮೂರು ಅದರ ನೆರಳಲ್ಲಿರ್ತವೆ."

ಅಂದಿನಿಂದ ಚಮಚ ಸಕ್ಕರೆಯ ಕ್ಯಾರಿಯರನ್ನು ಊಟ ಮುಗಿಸಿ ಗ್ಯಾರೇಜಿಗೆ ಹೋಗುವಾಗ ಜಾಕಿರನೇ ಬಸ್ಸಿಗೆ ಕೊಟ್ಟು ಹೋಗುತ್ತಿದ್ದ. ಈ ಶುಕ್ರವಾರ ಮಾತ್ರ ರೂಹಿ, "ನೀವು ಹೋಗಿ, ನಂಗೆ ಬಸ್‌ಸ್ಟ್ಯಾಂಡ್ ಕಡೆ ದಾರದ ಉಂಡೆ ತರೋದಿದೆ, ನಾನೇ ಕೊಟ್ಟು ಬರ್ತೀನಿ" ಅಂದಳು. ಪೆಟ್ರೋಲ್ ಉಳಿಯಿತೆಂದು ಅವನು ಖುಷಿಪಟ್ಟ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಜಾಕಿರ್ ತೂತು ಬನಿಯನ್ನು ಹಾಕಿಕೊಂಡು, ಮುಗಿದ ಸೋಪಿನ ಚೂರುಗಳನ್ನೆಲ್ಲ ಒತ್ತಿ ಹೊಸ ಸೋಪು ತಯಾರಿಸುತ್ತಿದ್ದ. ಹೊರಗೆ ಲಗೇಜ್ ಆಟೊ ನಿಂತ ಸದ್ದು. ಬಾಗಿಲು ತೆಗೆದರೆ ಭದ್ರಾವತಿಯೇ ಇಳಿಯುತ್ತಿದೆ! ಮೊದಲು ಎರಡಾಳು ಹಿಡಿಯುವ ಬಿರಿಯಾನಿ ಪಾತ್ರೆ, ಅದರ ಹಿಂದೆ ಆಟೊ ಓಡಿಸುವ ಭಾಮೈದ ಜಮ್ಶೀದ್, ಅವನ ಹಿಂದೆ ಅತ್ತೆ ಹಫೀಜಾ, ಚಿಕ್ಕಮ್ಮಂದಿರು, ಮಕ್ಕಳು, ಕೊನೆಗೆ ಹೊಸ ಟೋಪಿ ಹಾಕಿದ ಮೆಹಬೂಬ್ ಸಾಬ್, ಅವರ ಕೈಯಲ್ಲಿ ಗುಲಾಬಿ ಹಾರ. ಒಟ್ಟು ಹನ್ನೊಂದು ತಲೆ.

"ಮುಬಾರಕ್! ಏಳು ವರ್ಷ ಅಂದವನು ಮೂರೇ ವರ್ಷಕ್ಕೆ ತೀರಿಸಿಬಿಟ್ಟೆಯಲ್ಲೋ!" ಎಂದು ಮಾವ ಹಾರವನ್ನು ತೂತು ಬನಿಯನ್ನಿನ ಮೇಲೇ ಹಾಕಿದರು.

"ದಾವತ್ ನಿಂದೇ ಇರ್ಲಿ ಬೇಟಾ, ಮೊದಲ ಊಟ ತವರಿನದು ಅಂತ ಬಿರಿಯಾನಿ ತಂದೆ. ನೀನು ಕಳಿಸಿದ ಸಕ್ಕರೆ ನೋಡಿದ ಮೇಲೆ ಎರಡು ದಿನದಿಂದ ನಂಗೆ ನಿದ್ದೇನೇ ಇಲ್ಲ," ಎಂದು ಹಫೀಜಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಜಾಕಿರ್ ಕೈಯಲ್ಲಿದ್ದ ಸೋಪಿನ ಮುದ್ದೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅಯ್ಯೋ, ಒಂದು ಚಮಚ ಸಕ್ಕರೆಯನ್ನು ಅತ್ತೆ ಕರೆಯೋಲೆ ಅಂದುಕೊಂಡರಲ್ಲಪ್ಪಾ! ನಿಜ ಹೇಳೋಣವೆಂದರೆ ಕೊರಳಲ್ಲಿ ಹಾರ. ರೂಹಿಯ ಕಡೆ ನೋಡಿದರೆ ಅವಳು ಆಗಲೇ ತಾಯಿಯ ಭುಜಕ್ಕೆ ಮುಖ ಒತ್ತಿ ನಿಂತುಬಿಟ್ಟಿದ್ದಾಳೆ.

"ಎಲ್ಲಿ, ಬ್ಯಾಂಕಿನವರು ವಾಪಸ್ ಕೊಟ್ಟ ಮನೆಪತ್ರ ತೋರಿಸು. ಒಂದ್ಸಲ ಕೈಯಲ್ಲಿ ಹಿಡಿದು ನೋಡ್ತೀನಿ," ಮಾವ ಕನ್ನಡಕ ಹಾಕಿಕೊಂಡರು.

"ಅದು... ಲ್ಯಾಮಿನೇಷನ್‌ಗೆ ಕೊಟ್ಟಿದ್ದೀನಿ ಅಬ್ಬಾ."

"ಯಾವ ಅಂಗಡಿ ಭಾವ? ಆಟೊ ಇದೆ, ಐದು ನಿಮಿಷದಲ್ಲಿ ತರ್ತೀನಿ," ಜಮ್ಶೀದ್ ಕೀ ತಿರುಗಿಸಿದ.

"ಭಾನುವಾರ, ಬಾಗಿಲು ಹಾಕಿರುತ್ತೆ."

"ಅಂಗಡಿ ಹೆಸರು ಹೇಳಿ ಮಾರಾಯ್ರೇ, ಓನರ್‌ಗೆ ಫೋನ್ ಹಾಕಿ ತೆಗೆಸ್ತೀನಿ!"

ಜಾಕಿರ್ ಅಂಗಡಿಯ ಹೆಸರು ಹುಡುಕುತ್ತಿರುವಾಗಲೇ ಪಕ್ಕದ ಮನೆಯ ಷಡಕ್ಷರಪ್ಪನವರ ಪ್ರವೇಶವಾಯಿತು. ಆಟೊದಿಂದ ಇಳಿಯುತ್ತಲೇ ಮಾವ ಬೀದಿಗೆಲ್ಲ ಸುದ್ದಿ ಹಂಚಿದ್ದರು. ಷಡಕ್ಷರಪ್ಪನವರ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಒಂದು ಅರ್ಜಿ!

"ಭಾಳ ಸಂತೋಷ ಆಯ್ತು ಜಾಕಿರ್. ಸಾಲ ಇಲ್ಲದ ಮನುಷ್ಯ ಈ ಬೀದೀಲಿ ನೀನೊಬ್ನೇ. ನಮ್ಮ ಸೊಸೈಟಿ ಸಾಲಕ್ಕೆ ಒಂದು ಜಾಮೀನು ಬೇಕಿತ್ತು. ಇಲ್ಲೊಂದು ಸೈನ್ ಹಾಕಪ್ಪ, ಶುಭ ಗಳಿಗೆ!"

"ಹಾಕ್ತಾನೆ, ಹಾಕ್ತಾನೆ! ನಮ್ಮ ಅಳಿಯ ಅಂದ್ರೆ ಏನಂದ್ಕೊಂಡ್ರಿ?" ಮಾವ ತಮ್ಮ ಜೇಬಿನ ಪೆನ್ನನ್ನೇ ಅಳಿಯನ ಕೈಗೆ ತುರುಕಿದರು.

ಇಷ್ಟಾದರೂ ನಮ್ಮ ಜಾಕಿರ್ ಬಾಯಿ ಬಿಡಲಿಲ್ಲ ಅಂತೀನಿ! ಮಾನ ಮುಖ್ಯ. ಪೆನ್ನಿನ ಕ್ಯಾಪ್ ತೆಗೆದೇಬಿಟ್ಟ. ಅಷ್ಟರಲ್ಲಿ ಮಂಚದ ಕೆಳಗಿನಿಂದ ದೂಳು ಮೆತ್ತಿಕೊಂಡು ಅತೀಕಾ ಹೊರಬಂದಳು. ಒಂದು ಕೈಯಲ್ಲಿ ಚಿತ್ರ, ಇನ್ನೊಂದರಲ್ಲಿ ಸುತ್ತಿಗೆ, ತುಟಿಗಳ ನಡುವೆ ಮೊಳೆ.

"ಅಬ್ಬಾ, ಇದು ಈಗ ನಮ್ಮನೇನಾ? ಹೊಡೀಲಾ?"

ಅವಳ ಮುಖ ನೋಡಿದ ಜಾಕಿರನ ಕೈಯಿಂದ ಪೆನ್ನು ಜಾರಿತು. ಲೋಕಕ್ಕೆಲ್ಲ ಸುಳ್ಳು ಹೇಳಬಹುದು, ಮೊಳೆ ಕಚ್ಚಿಕೊಂಡು ನಿಂತ ಮಗುವಿಗೆ ಹೇಗೆ ಹೇಳುವುದು? ಹಾರ ತೆಗೆದು ಮಾವನ ಕೈಗೆ ಕೊಟ್ಟ.

"ಇಲ್ಲ ಪುಟ್ಟಾ," ಎಂದು ಮಾವನ ಕಡೆ ತಿರುಗಿದ. "ಅಬ್ಬಾ, ಸಾಲ ತೀರಿಲ್ಲ. ಪತ್ರ ಬ್ಯಾಂಕಲ್ಲೇ ಇದೆ. ಇನ್ನೂ ನಾಲ್ಕು ವರ್ಷ ಇದೆ."

ಷಡಕ್ಷರಪ್ಪನವರು ಅರ್ಜಿಯನ್ನು ಮಡಿಸಿ, ತಂದಿದ್ದ ನಿಂಬೆಹಣ್ಣನ್ನೂ ವಾಪಸ್ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಮತ್ತೆ ಆ ಸಕ್ಕರೆ?" ಹಫೀಜಾ ಕೇಳಿದರು.

"ಒಂದು ಚಮಚ ಸಕ್ಕರೆ ಅಮ್ಮಿ! ಪ್ರತಿ ವಾರ ಕಳಿಸ್ತೀವಲ್ಲ, ಹಂಗೇ. ಅದನ್ನ ಇಷ್ಟು ದೊಡ್ಡದು ಮಾಡ್ಕೊಂಡು..."

"ಯಾವ ಚಮಚ? ನಾಲ್ಕು ಡಬ್ಬಿಗೂ ಗಂಟಲಮಟ್ಟ ತುಂಬಿತ್ತು! ಯೋಗೇಶ್ ಎರಡೂ ಕೈಯಲ್ಲಿ ಎತ್ಕೊಂಡು ಬಂದ. ನಂಬಿಕೆ ಬರದೆ ಇಲ್ಲಿಗೆ ಫೋನ್ ಬೇರೆ ಮಾಡಿದ್ವಿ. ರೂಹಿ ಎತ್ತಿದಳು. ಮಾತೇ ಆಡಲಿಲ್ಲ, ಬರೀ ಅತ್ತಳು. ಸಂತೋಷಕ್ಕೆ ಅಳ್ತಿದ್ದಾಳೆ ಅಂದ್ಕೊಂಡ್ವಿ."

ಎಲ್ಲರ ಕಣ್ಣೂ ರೂಹಿಯ ಮೇಲೆ ಬಿದ್ದವು. ಅವಳು ತಾಯಿಯ ಸೆರಗು ಬಿಡದೆ, ನೆಲ ನೋಡುತ್ತಾ ಹೇಳಿದಳು.

"ನಾನೇ ತುಂಬಿದ್ದು. ಹೊಲಿಗೆ ದುಡ್ಡಲ್ಲಿ ಮೂರು ಕೆಜಿ ತಂದು ತುಂಬಿದೆ. ಏನು ಮಾಡ್ಲಿ? ಅಮ್ಮಿ ಮಾಡಿದ ಊಟ ಬರ್ತಿತ್ತು, ಅಮ್ಮಿ ಬರ್ತಿರಲಿಲ್ಲ."

ಹಫೀಜಾ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ಚಿಕ್ಕಮ್ಮಂದಿರು ಮೂಗೊರೆಸಿಕೊಂಡರು. ಇನ್ನು ಮಾವ ಎದ್ದು ಹೊರಡುತ್ತಾರೆ, ಬಿರಿಯಾನಿಯೂ ಹೊರಡುತ್ತದೆ ಎಂದು ಜಾಕಿರ್ ಗೋಡೆಗೊರಗಿದ. ಮೆಹಬೂಬ್ ಸಾಬ್ ಗಂಟಲು ಸರಿಮಾಡಿಕೊಂಡರು.

"ಎಷ್ಟು ತೀರಿದೆ?"

"ಮೂರರಲ್ಲಿ ಒಂದು ಪಾಲು ಅಬ್ಬಾ."

ಅವರು ಎದ್ದು, ಹಾಲ್, ರೂಮು, ಅಡುಗೆಮನೆ ಮೂರನ್ನೂ ನಿಧಾನವಾಗಿ ಇಣುಕಿ ಬಂದು ಮತ್ತೆ ಚಾಪೆಯ ಮೇಲೆ ಕೂತರು.

"ಹಂಗಾದ್ರೆ ಹಾಲ್ ನಿಂದು. ನಾವು ಹಾಲ್‌ನಲ್ಲೇ ಕೂರ್ತೀವಿ, ಹಾಲ್‌ನಲ್ಲೇ ಉಣ್ತೀವಿ. ಅಡುಗೆಮನೆ ಬ್ಯಾಂಕಿಂದು, ನಮ್ಮ ಪೈಕಿ ಹೆಂಗಸರು ಯಾರೂ ಅಲ್ಲಿಗೆ ಕಾಲಿಡೋದಿಲ್ಲ. ತಟ್ಟೆ ತೊಳೆಯೋ ಕೆಲಸ ಬ್ಯಾಂಕಿನ ಪರವಾಗಿ ನೀನೇ ನೋಡ್ಕೋ! ಅತೀಕಾ, ಈ ಗೋಡೆಗೆ ಹೊಡಿಯಮ್ಮ ಮೊಳೆ."

ಮೊಳೆಯ ಸದ್ದಿನ ಹಿಂದೆಯೇ ಬಿರಿಯಾನಿಯ ಮುಚ್ಚಳ ತೆರೆಯಿತು. ಊಟ ಅಂದರೆ ಊಟ! ಆಮೇಲೆ ಜಾಕಿರ್ ಅಡುಗೆಮನೆಯಲ್ಲಿ ಹದಿನಾಲ್ಕು ತಟ್ಟೆಗಳ ಮುಂದೆ ನಿಂತ. ಹಾಲ್‌ನಿಂದ ರೂಹಿಯ ನಗು ಕೇಳಿಸುತ್ತಿತ್ತು. ಮೂರು ವರ್ಷದಲ್ಲಿ ಆ ನಗುವನ್ನು ಒಮ್ಮೆಯೂ ಕೇಳಿರಲಿಲ್ಲವೆಂದು ಅವನಿಗೆ ಆಗಷ್ಟೇ ಹೊಳೆಯಿತು. ಅವಳು ನೀರು ಕೇಳಲು ಬಾಗಿಲಿಗೆ ಬಂದಾಗ ಅವನು ತಡೆಯಲಾರದೆ ಕೇಳಿಬಿಟ್ಟ.

"ಅಮ್ಮಿನ ನೋಡೋಕೆ ಅಷ್ಟು ಆಸೆ ಇತ್ತು ಅಂದ್ರೆ ನಂಗೊಂದು ಮಾತು ಹೇಳಬಾರದಿತ್ತಾ ಮಾರಾಯ್ತಿ? ಸಕ್ಕರೆ ಯಾಕೆ ಬೇಕಿತ್ತು?"

ರೂಹಿ ಲೋಟ ಮುಂದೆ ಚಾಚಿದಳು.

"ಹೇಳ್ತಾನೇ ಇದ್ದೆ ಕಣ್ರೀ, ಪ್ರತಿ ಶುಕ್ರವಾರ. ನೀವು ಡಬ್ಬಿ ಬಳ್ಕೊಂಡು ತಿನ್ನೋದ್ರಲ್ಲಿ ಇರ್ತಿದ್ರಿ."