ಯಂತ್ರದ ಡೈರಿಗೆ ಏನೇನು ಬೇಕು?

ಏನೇನು ಬರೆದಿಡಬೇಕು ಎಂದು ತೀರ್ಮಾನಿಸಲು ನಾಲ್ಕು ಜನ ಕೂತರೆ, ಬರೆದಿಡಬಾರದಂಥದ್ದೇ ನಡೆಯುತ್ತದೆ. ನನ್ನ ನೌಕರಿಯಲ್ಲಿ ಇದು ತಪ್ಪಿದ್ದೇ ಇಲ್ಲ.

ಎರಡು ಸಾವಿರನೇ ಇಸವಿಯ ಆಚೀಚೆ. ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ, ಯಂತ್ರಗಳನ್ನು ನಡೆಸಲು ನಾವೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿಕೊಂಡಿದ್ದೆವು. ಅದಕ್ಕೊಂದು ಲಾಗ್ ಲೈಬ್ರರಿ, ಅಂದರೆ ಯಂತ್ರದಲ್ಲಿ ನಡೆದದ್ದನ್ನೆಲ್ಲ ದಾಖಲಿಸುವ ಡೈರಿ, ಜೋಡಿಸುವ ಕೆಲಸ ನನ್ನ ತಲೆಗೆ ಬಂತು. "ಎಲ್ಲರೂ ಒಪ್ಪಿದ್ರೆ ನೀನು ಪರ್ಮನೆಂಟ್" ಎಂದರು ಮ್ಯಾನೇಜರು. ನಮ್ಮಮ್ಮ ಆಗಲೇ ತಿ. ನರಸೀಪುರದ ಹೆಣ್ಣಿನ ಕಡೆಯವರಿಗೆ, ಮಗ ಪರ್ಮನೆಂಟ್ ಎಂದು ಹೇಳಿಬಿಟ್ಟಿದ್ದರು.

ಎಷ್ಟು ದರ್ಜೆ?

ದಾಖಲೆಗೆ ಐದು ದರ್ಜೆ ಮಾಡಿದ್ದೆ: ವಿವರ, ಮಾಹಿತಿ, ಎಚ್ಚರಿಕೆ, ದೋಷ, ಅಪಾಯ. ಬೋರ್ಡಿನ ಮೇಲೆ ಬರೆದು ಅರ್ಧ ಗಂಟೆ ವಿವರಿಸಿದೆ. ಹೆಡತಲೆ ಊರಿನ ಹಿರಿಯ ಆಪರೇಟರು ತಾಳ್ಮೆಯಿಂದ ಕೇಳಿದರು.

"ಸಾ, ನಮ್ಗೆ ಐದ್ಯಾಕೆ? ಎಲ್ಡು ಸಾಕು."

"ಯಾವ ಎರಡು?"

"ಇಲ್ಲೇ ನಿಂತಿರಬೌದಾ, ಓಡೋಗ್ಬೇಕಾ. ಅಷ್ಟೇಯ."

ಏನೂ ಆಗದಿದ್ದರೆ?

ಮ್ಯಾನೇಜರಿಗೆ ಮಾತ್ರ ಎಲ್ಲವೂ ಬೇಕು. "ಏನೂ ಆಗದಿದ್ರೆ, ಏನೂ ಆಗಿಲ್ಲ ಅಂತ ಬರೀಬೇಕು ಕಣಯ್ಯ. ಪ್ರತಿ ಸೆಕೆಂಡಿಗೂ!"

ಬರೆಸಿದೆ. ಮಧ್ಯಾಹ್ನದೊಳಗೆ ಕಂಪ್ಯೂಟರಿನ ಹೊಟ್ಟೆ ತುಂಬಿ, ಮೂರು ಯಂತ್ರ ಗಪ್ಪನೆ ನಿಂತವು. ಮ್ಯಾನೇಜರು ಓಡಿ ಬಂದು, "ಯಾಕೆ ನಿಂತ್ವು ಅಂತ ಡೈರಿ ನೋಡು" ಎಂದು ಕೂಗಿದರು.

ನೋಡಿದೆ. ಕೊನೆಯ ಸಾಲು: "ಏನೂ ಆಗಿಲ್ಲ."

ಯಾರು ಮಾಡಿದ್ದು?

ತಪ್ಪು ಯಾರದು ಎಂದು ಟೈಪ್ ಮಾಡಲು ಒಂದು ಜಾಗ ಇಟ್ಟೆ. ಅಲ್ಲಿ ಎಡವಿದೆ. ನಮ್ಮ ಕಾರ್ಖಾನೆಯಲ್ಲಿ ಒಂದು ಹಳೇ ಪದ್ಧತಿ: ಏನು ಕೆಟ್ಟರೂ ಅಂದು ರಜೆ ಹಾಕಿದವನ ತಲೆಗೆ ಕಟ್ಟುವುದು. ಇದ್ದವರಿಗೆ ಬೈಗುಳ ತಪ್ಪುತ್ತದೆ, ಇಲ್ಲದವನಿಗೆ ಕೇಳಿಸುವುದಿಲ್ಲ.

ಹೊಸ ಲೈಬ್ರರಿಯನ್ನು ಎಲ್ಲರೂ ಬಳಸಿ ನೋಡಿದ ದಿನ, ರಜೆಯಲ್ಲಿದ್ದವನು ನಾನೊಬ್ಬನೇ. ತಿ. ನರಸೀಪುರಕ್ಕೆ ಹೆಣ್ಣು ನೋಡಲು ಹೋಗಿದ್ದೆ.

ಅದೇ ಬೆಳಿಗ್ಗೆ ಹುಡುಗಿಯ ಸೋದರಮಾವ, ನನ್ನ ಬಗ್ಗೆ ವಿಚಾರಿಸಲು ಕಾರ್ಖಾನೆಗೆ ಹೋಗಿದ್ದಾರೆ. ಮ್ಯಾನೇಜರು ಹೆಮ್ಮೆಯಿಂದ, "ನಿಮ್ಮ ಹುಡುಗ ಮಾಡಿದ್ದು ನೋಡಿ" ಎಂದು ಡೈರಿಯನ್ನು ಪ್ರಿಂಟ್ ತೆಗೆದು ಕೊಟ್ಟಿದ್ದಾರೆ, ಓದದೆ.

ಊಟದ ಹೊತ್ತಿಗೆ ಅದು ಹುಡುಗಿಯ ಅಪ್ಪನ ಕೈಯಲ್ಲಿತ್ತು. ಅವರು ಕನ್ನಡಕ ಏರಿಸಿ, ನನ್ನ ಹೆಸರು ಬಂದಲ್ಲೆಲ್ಲ ನನ್ನತ್ತ ಬೆರಳು ತೋರಿಸುತ್ತ ಗಟ್ಟಿಯಾಗಿ ಓದತೊಡಗಿದರು.

"ಹತ್ತೂವರೆ, ಮೋಟಾರ್ ಸುಟ್ಟಿದ್ದು, ಇವ್ರು. ಹತ್ತೂ ಮುಕ್ಕಾಲು, ಬೆಲ್ಟ್ ಹರಿದಿದ್ದು, ಇವ್ರು. ಹನ್ನೊಂದು ಗಂಟೆ, ಎಣ್ಣೆ ಚೆಲ್ಲಿದ್ದು, ಇವ್ರೇಯ."

ನಮ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮದುವೆ ಮುರಿಯಿತು ಎಂದೇ ನಾನು ತಲೆ ತಗ್ಗಿಸಿದೆ.

ಆಗ ಬಾಗಿಲ ಮರೆಯಿಂದ ಹುಡುಗಿ ಹೇಳಿದಳು: "ಅಪ್ಪಾಜಿ, ಹನ್ನೊಂದು ಗಂಟೇಲಿ ಇವ್ರು ಇಲ್ಲೇ ಇದ್ರಲ್ಲ. ಮೂರ್ನೇ ಸಲ ಕೇಸರಿಬಾತ್ ಹಾಕಿಸ್ಕೊತಿದ್ರು."

ಅಪ್ಪ ಹಾಳೆಯನ್ನು ಮತ್ತೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೋದರಮಾವನ ಕಡೆ ತಿರುಗಿ, ನಿಶ್ಚಿಂತೆಯಿಂದ ತೀರ್ಪು ಕೊಟ್ಟರು:

"ಕೇಸರಿಬಾತ್ ತಿಂದದ್ದು ಇದ್ರಲ್ಲಿ ಬಂದೇ ಇಲ್ಲ ಕಣೋ. ಹುಡ್ಗ ಸರ್ಯಾಗವ್ನೆ. ಇವ್ನು ಮಾಡಿರೋ ಡೈರಿಯೇ ಸರಿ ಇಲ್ಲ."